ಅನೇಕಾಂತವೂ ನೀತಿಸಾಪೇಕ್ಷವಾದವೂ

“ಅವರವರ ನೀತಿ ಅವರವರಿಗೆ” ಎಂಬ ಮಾತು ಇಂದು ವಿದ್ಯಾವಂತರಲ್ಲಿಯೂ ರೂಢಿಯಾಗಿದೆ. ಒಳಿತು ಕೆಡಕುಗಳು ಆಯಾ ಸಮಾಜದ ಒಪ್ಪಿಗೆಯನ್ನು ಅವಲಂಬಿಸಿವೆ, ಎಲ್ಲರಿಗೂ ಸಲ್ಲುವ ಅಳತೆಗೋಲು ಇಲ್ಲ ಎಂಬುದೇ ನೀತಿಸಾಪೇಕ್ಷವಾದ. ನಮ್ಮ ಅನೇಕಾಂತವೂ ಇದನ್ನೇ ಹೇಳುತ್ತದೆಯಲ್ಲವೇ ಎಂದು ಶ್ರಾವಕರಲ್ಲಿಯೇ ಕೆಲವರು ಕೇಳುವುದುಂಟು. ಈ ಸಮೀಕರಣವನ್ನು ಪರಿಶೀಲಿಸುವುದು ಅವಶ್ಯ.

ಈ ವಾದವನ್ನು ಸಮರ್ಥಿಸಿದವರಲ್ಲಿ ಅಮೆರಿಕದ ತತ್ತ್ವಜ್ಞ ಗಿಲ್ಬರ್ಟ್ ಹಾರ್ಮನ್ ಪ್ರಮುಖರು. ಜನರು ತಮ್ಮೊಳಗೆ ಮಾಡಿಕೊಂಡ ಮೌನ ಒಪ್ಪಂದದಿಂದಲೇ ನೀತಿ ಹುಟ್ಟುತ್ತದೆಂದು 1975ರ ಪ್ರಬಂಧದಲ್ಲಿ ಅವರು ಪ್ರತಿಪಾದಿಸಿದರು. ನೆರವಾಗುವುದಕ್ಕಿಂತ ನೋಯಿಸದಿರುವುದನ್ನು ಲೋಕವು ಹಿರಿದೆಂದು ಎಣಿಸುವುದೇಕೆ? ನೋಯಿಸದಿರುವ ಒಪ್ಪಂದದಿಂದ ಬಡವ ಬಲ್ಲಿದರಿಬ್ಬರಿಗೂ ಲಾಭ. ನೆರವಿನ ಒಪ್ಪಂದದಿಂದ ಬಲ್ಲಿದನಿಗೆ ಲಾಭ ಕಡಿಮೆ ಎಂಬುದು ಅವರ ವಿವರಣೆ. ವ್ಯಾಪಾರಿಗಳಾದ ನಮಗೆ ಈ ತರ್ಕ ಬೇಗ ಅರ್ಥವಾಗುತ್ತದೆ. ಅದರ ಕೊರತೆಯೂ ಅಷ್ಟೇ ಬೇಗ ಕಾಣಬೇಕು. ಕರಾರಿಗೆ ರುಜು ಹಾಕದವನ ಮೇಲೆ ಅದರ ನಷ್ಟವನ್ನು ಹೊರಿಸುವುದು ಯಾವ ನ್ಯಾಯ?

ಮುದನಾಳ ಪರಿಸರದವರಿಗೆ ಪರಿಚಿತವಾದ ನಿದರ್ಶನವನ್ನೇ ನೋಡೋಣ. ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಸಂಕ್ರಾಂತಿಯಂದು ನಡೆಯುವ ಮೈಲಾರಲಿಂಗೇಶ್ವರ ಜಾತ್ರೆಯಲ್ಲಿ ಹರಕೆ ಹೊತ್ತವರು ಪಲ್ಲಕ್ಕಿಯ ಮೇಲೆ ಜೀವಂತ ಕುರಿಮರಿಗಳನ್ನು ಎಸೆಯುವ ರೂಢಿ ಬೆಳೆದಿತ್ತು. ಜಿಲ್ಲಾಡಳಿತವು ಇದನ್ನು ನಿಷೇಧಿಸಿ, ದಾರಿಗಳಲ್ಲಿ ತಪಾಸಣೆ ನಡೆಸಿ ಮರಿಗಳನ್ನು ವಶಪಡಿಸಿಕೊಳ್ಳುತ್ತ ಬಂದಿದೆ. ಹರಕೆ ಹೊತ್ತವರು ಕ್ರೂರಿಗಳಲ್ಲ. ಹಿಂಡು ಕ್ಷೇಮವಾಗಿರಲೆಂಬುದೇ ಅವರ ಹಾರೈಕೆ. ಸಮುದಾಯವೇ ಒಪ್ಪಿರುವಾಗ ಹೊರಗಿನವರಿಗೇನು ಅಧಿಕಾರವೆಂದು ಸಾಪೇಕ್ಷವಾದಿ ಕೇಳಿಯಾನು. ಆದರೆ ಆ ಒಪ್ಪಂದದಲ್ಲಿ ಕುರಿಮರಿ ಭಾಗಿಯಾಗಿರಲಿಲ್ಲ. ದೇವದಾಸಿಯಾಗಿ ಸಮರ್ಪಿತಳಾಗುತ್ತಿದ್ದ ಬಾಲೆಯನ್ನೂ ಯಾರೂ ಕೇಳಿರಲಿಲ್ಲ. ರಾಜ್ಯವು 1982ರಲ್ಲಿ ಅದರ ವಿರುದ್ಧ ಶಾಸನ ಮಾಡಬೇಕಾಯಿತು.

ಸಾಪೇಕ್ಷವಾದದ ಪರವಾಗಿ ಒಂದು ಮಾತನ್ನು ಒಪ್ಪಲೇಬೇಕು. ತನ್ನ ನಡಾವಳಿಯೇ ಶ್ರೇಷ್ಠವೆಂಬ ಅಹಂಕಾರಕ್ಕೆ ಅದು ಅಂಕುಶವಾಯಿತು. ಅಮೆರಿಕದ ಮಾನವಶಾಸ್ತ್ರಜ್ಞರ ಸಂಘವು 1947ರಲ್ಲಿ, ಒಂದೇ ಸಂಸ್ಕೃತಿಯ ಮೌಲ್ಯಗಳನ್ನು ಲೋಕಕ್ಕೆಲ್ಲ ವಿಧಿಸಬಾರದೆಂದು ಎಚ್ಚರಿಸಿತು. ಅದೇ ಸಂಘ 1999ರಲ್ಲಿ ಮಾನವ ಹಕ್ಕುಗಳನ್ನು ಎತ್ತಿಹಿಡಿದು ಘೋಷಣೆ ಹೊರಡಿಸಿತು. ವಿನಯಕ್ಕಾಗಿ ಅಳತೆಗೋಲನ್ನೇ ಬಿಸುಡಬೇಕಾಗಿಲ್ಲ. ಯಾದಗಿರಿಗೆ ದೂರವಲ್ಲದ ಮಳಖೇಡದ ರಾಷ್ಟ್ರಕೂಟ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸುವ ಗುಣವನ್ನು ಚಿನ್ನವೆಂದು ಕೊಂಡಾಡಿತು. ಸೈರಣೆ ಎಲ್ಲರಿಗೂ ಚಿನ್ನವೆಂಬ ಈ ನಿರ್ಣಯವೇ ಸಾಪೇಕ್ಷವಲ್ಲ.

ಅನೇಕಾಂತದ ದಾರಿ ಬೇರೆ. ವಸ್ತುವು ಅನಂತಧರ್ಮಾತ್ಮಕ, ಪ್ರತಿಯೊಂದು ನಯವೂ ಅದರ ಒಂದು ಮುಖವನ್ನು ಗ್ರಹಿಸುತ್ತದೆ, ಉಳಿದವನ್ನು ಅಲ್ಲಗಳೆದ ನಯವು ದುರ್ನಯ. ‘ಸ್ಯಾತ್’ ಎಂದರೆ ‘ಇದ್ದರೂ ಇರಬಹುದು’ ಎಂಬ ಸಂದೇಹವಲ್ಲ, ‘ಒಂದು ಅಪೇಕ್ಷೆಯಿಂದ’ ಎಂಬ ನಿಶ್ಚಿತ ನಿರೂಪಣೆ. ಸಾಪೇಕ್ಷವಾದವು ಸಮುದಾಯದ ದೃಷ್ಟಿಯೊಂದನ್ನೇ ಅಂತಿಮವೆಂದು ಮುಚ್ಚಿಬಿಡುತ್ತದೆ; ಆದ್ದರಿಂದ ಅದೇ ಒಂದು ಏಕಾಂತ. ಅನೇಕಾಂತವಾದರೋ ನೋವುಣ್ಣುವ ಜೀವದ ದೃಷ್ಟಿಯನ್ನೂ ಲೆಕ್ಕಕ್ಕೆ ಸೇರಿಸೆಂದು ಒತ್ತಾಯಿಸುತ್ತದೆ.

1209ರಲ್ಲಿ ರಚಿತವಾದ ಜನ್ನನ ‘ಯಶೋಧರ ಚರಿತೆ’ ಈ ತತ್ತ್ವದ ಕಾವ್ಯರೂಪ. ಯಶೋಧರನು ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಒಪ್ಪಂದದ ದೃಷ್ಟಿಯಿಂದ ಇದು ಸೊಗಸಾದ ರಾಜಿ. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ರಾಜಿಯಲ್ಲಿ ಲೆಕ್ಕಕ್ಕೆ ಬಾರದ ಜೀವದ ದೃಷ್ಟಿಯನ್ನು ಅವರು ಸ್ವತಃ ಅನುಭವಿಸಬೇಕಾಯಿತು.

ಈ ಅಳತೆ ಮೈಲಾಪುರಕ್ಕೆ ಮಾತ್ರ ಸಲ್ಲತಕ್ಕದ್ದಲ್ಲ. ತೂಕದಲ್ಲಿ ಕಡಿತ, ಸರಕಿನಲ್ಲಿ ಬೆರಕೆ ಮಾಡಿ “ಪೇಟೆಯ ಪದ್ಧತಿಯೇ ಹೀಗೆ” ಎನ್ನುವುದೂ ನೀತಿಸಾಪೇಕ್ಷವಾದವೇ. ‘ತತ್ತ್ವಾರ್ಥಸೂತ್ರ’ವು ಇವೆರಡನ್ನೂ ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಪೇಟೆಯ ಮೌನ ಒಪ್ಪಂದದಲ್ಲಿ ಗಿರಾಕಿಗೆ ಪಾಲಿಲ್ಲ. ಅಂಥ ಗಳಿಕೆ ಬಸದಿಯ ಹುಂಡಿಗೆ ಬಿದ್ದಾಗ ಟ್ರಸ್ಟಿನ ಹಿರಿಯರೂ ಈ ಪ್ರಶ್ನೆಯಿಂದ ಹೊರಗುಳಿಯುವುದಿಲ್ಲ.