ನೀರು, ವಜ್ರ, ಅತ್ತೆಯವರ ಮಾತ್ರೆ

ಬಿ.ಎ. ಓದುವಾಗ ನಮ್ಮ ಅರ್ಥಶಾಸ್ತ್ರದ ಮೇಷ್ಟರು ಮೊದಲ ದಿನವೇ ಒಂದು ಒಗಟು ಹಾಕಿದರು. ನೀರಿಲ್ಲದೆ ಯಾರೂ ಬದುಕುವುದಿಲ್ಲ, ಆದರೂ ಅದು ಅಗ್ಗ. ವಜ್ರವಿಲ್ಲದೆ ಯಾರೂ ಸಾಯುವುದಿಲ್ಲ, ಆದರೂ ಅದು ದುಬಾರಿ. ಏಕೆ? ಬೆಳಗಿನ ಜಾವ ಬೀದಿ ನಲ್ಲಿಯ ಮುಂದೆ ಸರದಿಗೆ ಕೊಡ ಇಟ್ಟು, ಜಗಳವಾಡಿ, ಆಮೇಲೆ ಕಾಲೇಜಿಗೆ ಬಂದಿದ್ದ ನನಗೆ ನೀರು ಅಗ್ಗವೆಂಬುದೇ ಹೊಸ ಸುದ್ದಿ. ಎದ್ದು ನಿಂತು ಹೇಳುವ ಧೈರ್ಯವಿರಲಿಲ್ಲ. ನೋಟ್ಸ್ ಬರೆದುಕೊಂಡೆ.

ಈ ಒಗಟನ್ನು ಪ್ರಸಿದ್ಧಗೊಳಿಸಿದವನು ಸ್ಕಾಟ್ಲೆಂಡಿನ ಆಡಂ ಸ್ಮಿತ್. 1776ರಲ್ಲಿ ಪ್ರಕಟವಾದ 'ರಾಷ್ಟ್ರಗಳ ಸಂಪತ್ತು' ಗ್ರಂಥದಲ್ಲಿ ಅವನು ಮೌಲ್ಯವನ್ನು ಎರಡಾಗಿ ಒಡೆದ: ಬಳಕೆಯ ಮೌಲ್ಯ, ವಿನಿಮಯದ ಮೌಲ್ಯ. ಮೊದಲನೆಯದನ್ನು ಅಲ್ಲಿಗೇ ಬಿಟ್ಟು ಎರಡನೆಯದರ ಬೆನ್ನು ಹತ್ತಿದ. ಪದಾರ್ಥದ ನಿಜವಾದ ಅಳತೆಗೋಲು ಅದಕ್ಕೆ ತಗಲಿದ ಶ್ರಮ ಎಂದ. ಬೇಟೆಯಿಂದಲೇ ಬದುಕುವವರಲ್ಲಿ ಒಂದು ಜಿಂಕೆ ಕೊಲ್ಲುವ ಶ್ರಮದ ಎರಡರಷ್ಟು ಒಂದು ಬೀವರ್ ಪ್ರಾಣಿಗೆ ಬೇಕಾದರೆ, ಒಂದು ಬೀವರ್‌ಗೆ ಎರಡು ಜಿಂಕೆ ಸಮ. ರಿಕಾರ್ಡೊ 1817ರಲ್ಲಿ ಇದೇ ಎಳೆಯನ್ನು ಹಿಡಿದು ಬಿಗಿಗೊಳಿಸಿದ.

ಶ್ರಮವೇ ಮೌಲ್ಯವೆಂದು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಾಗಿದ್ದರೆ ಇಡೀ ಊರಿಗೆ ನಮ್ಮಮ್ಮನೇ ಶ್ರೀಮಂತೆ! ಆದರೆ ಅದೇ ಗ್ರಂಥದ ಎರಡನೆಯ ಭಾಗಕ್ಕೆ ಬಂದರೆ ಈ ಸಂತೋಷ ಇಳಿದುಹೋಗುತ್ತದೆ. ಕುಶಲಕರ್ಮಿಯ ದುಡಿಮೆ ಮಾರಬಹುದಾದ ಒಂದು ವಸ್ತುವಾಗಿ ಉಳಿಯುತ್ತದೆ, ಮನೆಯಾಳಿನ ದುಡಿಮೆ ಮಾಡಿದ ಗಳಿಗೆಯಲ್ಲೇ ಕರಗಿಹೋಗುತ್ತದೆ, ಆದ್ದರಿಂದ ಅದು ಅನುತ್ಪಾದಕ ಎನ್ನುತ್ತಾನೆ ಸ್ಮಿತ್. ಅದಕ್ಕೂ ಕೂಲಿ ಸಲ್ಲಬೇಕು ಎಂದೂ ಹೇಳಿದ್ದಾನೆ, ಅನ್ಯಾಯವಾಗಿ ಬೈಯಬಾರದು. ಅದೇ ಪಂಕ್ತಿಯಲ್ಲಿ ರಾಜ, ಸೈನಿಕ, ವಕೀಲ, ವೈದ್ಯ, ವಿದ್ವಾಂಸ, ವಿದೂಷಕ ಎಲ್ಲರನ್ನೂ ಕೂರಿಸಿದ್ದಾನೆ. ಮೇಷ್ಟರಾದ ನಮ್ಮಂಥವರಿಗೂ ವಿದೂಷಕನ ಪಕ್ಕದಲ್ಲಿ ಒಂದು ಎಲೆ ಸಿಕ್ಕೀತು. ಆದರೆ ಕೂಲಿಯಿಲ್ಲದೆ ಅದೇ ಕೆಲಸ ಮಾಡುವ ಹೆಂಡತಿ, ತಾಯಿ ಆ ಪಂಕ್ತಿಯಲ್ಲೂ ಇಲ್ಲ. ಸ್ಮಿತ್ ಮದುವೆಯಾಗಲಿಲ್ಲ. ಈ ಗ್ರಂಥಕ್ಕಾಗಿ ವರ್ಷಗಟ್ಟಲೆ ದುಡಿದದ್ದು ಕರ್ಕಾಲ್ಡಿ ಊರಿನಲ್ಲಿ, ತಾಯಿಯ ಜೊತೆಯಲ್ಲಿದ್ದುಕೊಂಡು.

ಮಾರ್ಕ್ಸ್ ಆದರೂ ನಮ್ಮ ಪಕ್ಷ ಹಿಡಿದಾನೆಂದು ನಂಬಿದ್ದೆ. 1867ರ 'ಬಂಡವಾಳ'ದಲ್ಲಿ ಅವನು, ಕಾರ್ಮಿಕನ ದುಡಿಯುವ ಶಕ್ತಿಯ ಮೌಲ್ಯವೆಂದರೆ ಅವನೂ ಅವನ ಮಕ್ಕಳೂ ಬದುಕಲು ಬೇಕಾದ ಪದಾರ್ಥಗಳ ಮೌಲ್ಯ ಎನ್ನುತ್ತಾನೆ. ಒಪ್ಪಿದೆ. ಅಕ್ಕಿ ಲೆಕ್ಕಕ್ಕೆ ಬಂತು, ಬಟ್ಟೆ ಬಂತು, ಸೌದೆಯೂ ಬಂತು. ಅಕ್ಕಿ ಅನ್ನವಾದದ್ದು ಹೇಗೆ? ಮಾಸಿದ ಅಂಗಿ ಮರುದಿನ ಗೂಟದ ಮೇಲೆ ಒಗೆದು ಮಡಿಸಿ ಕುಳಿತದ್ದು ಹೇಗೆ? ಶ್ರಮದ ಬಗ್ಗೆ ಇಷ್ಟು ಆಳವಾಗಿ ಯೋಚಿಸಿದವನ ಲೆಕ್ಕವೂ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಿತು.

ಒಗಟನ್ನು ಬಿಡಿಸಿದವರು ಬೇರೆಯವರು. 1871ರಲ್ಲಿ ಇಂಗ್ಲೆಂಡಿನ ಜೆವನ್ಸ್, ಅದೇ ವರ್ಷ ವಿಯೆನ್ನಾದ ಮೆಂಗರ್, 1874ರಲ್ಲಿ ಲೋಸಾನ್‌ನಲ್ಲಿದ್ದ ವಾಲ್ರಾ. ಬೆಲೆ ಕಟ್ಟಬೇಕಾದದ್ದು ಎಲ್ಲ ನೀರಿಗಲ್ಲ, ಕೊನೆಯ ಕೊಡಕ್ಕೆ ಎಂದರು ಇವರು. ಬೋಂ ಬಾವರ್ಕ್ 1889ರಲ್ಲಿ ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ. ಕಾಡಿನಲ್ಲಿರುವ ರೈತನ ಬಳಿ ಐದು ಮೂಟೆ ಧಾನ್ಯ: ಒಂದು ಜೀವ ಉಳಿಸಲು, ಒಂದು ಮೈಗೂಡಲು, ಒಂದು ಕೋಳಿಗೆ, ಒಂದು ಹೆಂಡಕ್ಕೆ, ಒಂದು ಸಾಕಿದ ಗಿಳಿಗಳಿಗೆ. ಒಂದು ಮೂಟೆ ಕಳೆದುಹೋದರೆ ಅವನು ಉಪವಾಸ ಬೀಳುವುದಿಲ್ಲ, ಗಿಳಿಗಳ ಪಾಲನ್ನು ನಿಲ್ಲಿಸುತ್ತಾನೆ. ಆದ್ದರಿಂದ ಪ್ರತಿ ಮೂಟೆಯ ಮೌಲ್ಯವೂ ಗಿಳಿಯ ಮೇವಿನಷ್ಟೇ. ತಿಂಗಳ ಕೊನೆಯ ವಾರ ಡಬ್ಬಿಗಳನ್ನು ಅಲುಗಾಡಿಸಿ ನೋಡುವ ಯಾವ ಹೆಂಗಸಿಗೂ ಇದನ್ನು ಕಲಿಸಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಆ ಗಿಳಿ ಯಾರೆಂದೂ ಗೊತ್ತು. ಹಾಲು ಕಡಿಮೆಯಾದ ದಿನ ಕಾಫಿ ಬಿಡುವವರು ಯಾರು?

ಇಷ್ಟಾಗಿಯೂ ಈ ಸಿದ್ಧಾಂತದಲ್ಲಿ ನನಗೊಂದು ಮುಖ್ಯ ತಕರಾರಿದೆ. ರೈತ ಒಬ್ಬನೇ ಇದ್ದಾಗ ಅವನ ಅಗತ್ಯವೇ ಅಳತೆ. ಸಂತೆಗೆ ಬಂದರೆ ಕೈಯಲ್ಲಿ ಕಾಸಿದ್ದವರ ಅಗತ್ಯಕ್ಕೆ ಮಾತ್ರ ಧ್ವನಿಯುಂಟು. ಸಂತೆಗೇ ಬಾರದ ಕೆಲಸಕ್ಕೆ ಕೊನೆಯ ಕೊಡವೂ ಇಲ್ಲ, ಮೊದಲನೆಯದೂ ಇಲ್ಲ.

ಇದು ವಿದ್ವಾಂಸರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಮನೆಗೆಲಸದವಳನ್ನು ಯಜಮಾನ ಮದುವೆಯಾದರೆ ರಾಷ್ಟ್ರೀಯ ಆದಾಯ ಇಳಿಯುತ್ತದೆಂದು ಕೇಂಬ್ರಿಜ್‌ನ ಪಿಗೂ 1920ರಷ್ಟು ಹಿಂದೆಯೇ ಬರೆದಿದ್ದಾನೆ. ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆಂದಿದೆ. ಮಾಡುವ ಗಂಡಸರದು 97. ಮಾಡುವವರೂ ನಾಲ್ಕರಲ್ಲಿ ಒಬ್ಬರು. ಈ ಕೆಲಸಕ್ಕೆ ರೂಪಾಯಿ ಲೆಕ್ಕ ಸಿಗುವುದು ಹೆಚ್ಚಾಗಿ ಹೆಂಗಸು ಸತ್ತ ಮೇಲೆ, ಪರಿಹಾರದ ಮೊಕದ್ದಮೆಯಲ್ಲಿ. 1989ರ ಜಮ್ಶೆಡ್‌ಪುರದ ಬೆಂಕಿ ಅನಾಹುತದಲ್ಲಿ ತೀರಿಕೊಂಡ ಗೃಹಿಣಿಯರ ಸೇವೆಗೆ ಸುಪ್ರೀಂ ಕೋರ್ಟು 2001ರಲ್ಲಿ ಬೆಲೆ ಕಟ್ಟಿತು. 34ರಿಂದ 59 ವಯಸ್ಸಿನವರಿಗೆ ತಿಂಗಳಿಗೆ 3,000 ರೂಪಾಯಿ. 62 ದಾಟಿದವರಿಗೆ ವರ್ಷಕ್ಕೆ 20,000. ಇಳಿವಯಸ್ಸಿಗೆ ರಿಯಾಯಿತಿ ದರ!

ಮನೆಗೆಲಸದವರ ಕೂಲಿಯಿಂದ ಗುಣಿಸಿ ಬೆಲೆ ಕಟ್ಟಿ ಎಂದು ಕೆಲವರು ಹೇಳುತ್ತಾರೆ. ಆ ಕೂಲಿ ಎಲ್ಲಿ ನಿಗದಿಯಾಗುತ್ತದೆ? ನಮ್ಮ ಹೊಸ್ತಿಲಲ್ಲೇ. ಪಾತ್ರೆ ತೊಳೆಯುವಾಕೆ ನೂರು ರೂಪಾಯಿ ಹೆಚ್ಚು ಕೇಳಿದರೆ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಮಾತಾಡಿಕೊಳ್ಳುತ್ತೇವೆ, ನಾನೂ ಸೇರಿದಂತೆ.

ನನ್ನ ಕೆಲಸ ಉಳಿದದ್ದು ಅತ್ತೆಯವರಿಂದ. ಅರವತ್ತು ದಾಟಿದ ಮೇಲೆ ನನ್ನ ಇಬ್ಬರು ಮಕ್ಕಳನ್ನು ಸಾಕಿದರು. ಆ ದಿನಗಳ ಲೆಕ್ಕದ ಪುಸ್ತಕ ಈಗಲೂ ಬೀರುವಿನಲ್ಲಿದೆ. ಆದಾಯದ ಕಡೆ ಎರಡು ಸಂಬಳ. ಖರ್ಚಿನ ಕಡೆ ಹಾಲು, ದಿನಸಿ, ಸ್ಕೂಲ್ ಫೀಸು, ಅತ್ತೆಯವರ ಮಾತ್ರೆ. ತಿಂಗಳ ಕೊನೆಗೆ ನಾನು ಗಟ್ಟಿಯಾಗಿ ಓದಿ ಕೂಡುತ್ತಿದ್ದೆ. ಒಂದು ರಾತ್ರಿ ಅವರು ಮಗುವಿನ ತೊಟ್ಟಿಲು ತೂಗುತ್ತಲೇ ಹೇಳಿದರು: "ಮಾತ್ರೆ ದಿನಾ ಬೇಡ ಕಣಮ್ಮ, ದಿನ ಬಿಟ್ಟು ದಿನ ತಗೊಂಡ್ರೂ ಆಗುತ್ತೆ."