ಖಾಲಿ ಗೆರೆ ತುಂಬುವ ಜಾಣ್ಮೆ

ವಿಜಯಪುರದ ಭೂತನಾಳ ಕೆರೆಯ ಸುತ್ತಲಿನ ನೆಲದ ಒಳಗನ್ನು ನೋಡಬೇಕು ಅಂದುಕೊಳ್ಳಿ. ಮೇಲೆ ಎರೆಮಣ್ಣು, ಕೆಳಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕರಿಗಲ್ಲು. ಗೋಳಗುಮ್ಮಟದೊಳಗೆ ತಟ್ಟಿದ ಚಪ್ಪಾಳೆ ಗೋಡೆಗೆ ಬಡಿದು ಮರಳುವಂತೆ, ನೆಲಕ್ಕೆ ಕೊಟ್ಟ ಕಂಪನ ಕಲ್ಲಿನ ಪದರಗಳಿಗೆ ತಾಗಿ ಮರಳುತ್ತದೆ. ಸಾಲಾಗಿ ಊರಿದ ಜಿಯೋಫೋನುಗಳು ಅದನ್ನು ಹಿಡಿದು, ಒಂದೊಂದೂ ಒಂದು ಗೆರೆಯಾಗಿ ದಾಖಲಿಸುತ್ತವೆ. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ ಭೂಮಿಯ ಆಳದ ಪದರಗಳನ್ನು ಅಳೆದದ್ದೂ ಕಂಪನದಿಂದಲೇ.

ಆದರೆ ಸಾಲು ನೆಟ್ಟಗೆ ಸಾಗಲು ಬಿಡುವವರು ಯಾರು? ಕೆರೆಯ ನೀರು, ತಿಕೋಟಾ ಕಡೆಯ ದ್ರಾಕ್ಷಿ ಪಡ, ಮನೆ, ರಸ್ತೆ ಅಡ್ಡ ಬರುತ್ತವೆ. ಅಲ್ಲೆಲ್ಲ ದಾಖಲೆ ಖಾಲಿ. ಹಾಗೇ ಬಿಟ್ಟರೆ ಮುಂದಿನ ಲೆಕ್ಕದಲ್ಲಿ ಇಲ್ಲದ ಪದರಗಳು ಮೂಡುತ್ತವೆ.

ಡೀಪ್ ಲರ್ನಿಂಗ್ ಇಲ್ಲಿ ಮಾಡುವ ಕೆಲಸ ನನಗೆ ತುಂಬಾ ಹಿಡಿಸಿದೆ. ಪೂರ್ತಿ ಇರುವ ದಾಖಲೆಯಿಂದ ಕೆಲವು ಗೆರೆಗಳನ್ನು ಬೇಕೆಂದೇ ಅಳಿಸಿ, ತುಂಬಲು ಕಂಪ್ಯೂಟರಿನ ನರಜಾಲಕ್ಕೆ (ನ್ಯೂರಲ್ ನೆಟ್‌ವರ್ಕ್) ಕೊಡುತ್ತಾರೆ. ಅದು ತುಂಬಿದ್ದನ್ನು ಅಸಲಿ ಗೆರೆಯ ಪಕ್ಕ ಇಟ್ಟು, ತಪ್ಪಿದಷ್ಟೂ ತಿದ್ದುತ್ತಾರೆ, ಮತ್ತೆ ಮತ್ತೆ. ಒಂದೇ ಪದರದ ಸದ್ದು ಹತ್ತಿರದ ಜಿಯೋಫೋನಿಗೆ ಬೇಗ, ದೂರದ್ದಕ್ಕೆ ತಡವಾಗಿ ತಲುಪುವುದರಿಂದ ದಾಖಲೆಯಲ್ಲಿ ಕಮಾನು ಮೂಡುತ್ತದೆ. ಆ ಕಮಾನು ಎಲ್ಲಿ ಕಡಿದಿದೆ, ಎಲ್ಲಿ ಕೂಡಬೇಕು ಎಂದು ಜಾಲ ಕಲಿಯುತ್ತದೆ. ಇದಕ್ಕೆ ಬಹಳವಾಗಿ ಬಳಕೆಯಾಗುವ ಯು-ನೆಟ್ ಎಂಬ ಜಾಲ 2015ರಲ್ಲಿ ಜರ್ಮನಿಯಲ್ಲಿ ವೈದ್ಯಕೀಯ ಚಿತ್ರಗಳಿಗಾಗಿ ಹುಟ್ಟಿದ್ದು!

ಆದರೆ ಇಲ್ಲಿನ ಕರಿಗಲ್ಲು ಕಂಪನವನ್ನು ಚದುರಿಸುತ್ತದೆ. ಬೇರೆ ನೆಲದಲ್ಲಿ ಕಲಿತ ಜಾಲ ಇಲ್ಲಿ ಎಡವಬಹುದು. ಅದಕ್ಕೇ ಅಳೆದ ಗೆರೆ ಯಾವುದು, ತುಂಬಿದ ಗೆರೆ ಯಾವುದು ಎಂದು ನಕ್ಷೆಯಲ್ಲಿ ಗುರುತಿಸಿಯೇ ಕೊಡಬೇಕು.