ಸಾಯಲು ಹೊರಟವಲ್ಲ ಆ ಲೆಮ್ಮಿಂಗುಗಳು

ಬೇಸಗೆ ರಜೆಯಲ್ಲಿ ನಮ್ಮ ಸಂಘದ ಸಭಾಗೃಹದಲ್ಲಿ ಮಕ್ಕಳಿಗಾಗಿ ಒಂದು ಹಳೆಯ ಚಿತ್ರವನ್ನು ತೋರಿಸಿದ್ದರು. ವಾಲ್ಟ್ ಡಿಸ್ನಿ ಸಂಸ್ಥೆ 1958ರಲ್ಲಿ ಹೊರತಂದ, ಉತ್ತರ ಧ್ರುವದ ಸುತ್ತಿನ ಜೀವಿಗಳನ್ನು ಕುರಿತ 'ವೈಟ್ ವಿಲ್ಡರ್‌ನೆಸ್'. ಜೇಮ್ಸ್ ಆಲ್ಗರ್ ನಿರ್ದೇಶಿಸಿದ ಈ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದಿದೆ. ಮಂಜುಗಡ್ಡೆಯ ಮೇಲಿನ ಬಿಳಿಕರಡಿ, ಗುಂಪುಗೂಡಿ ಮಲಗಿದ ವಾಲ್ರಸ್ ಇವನ್ನೆಲ್ಲ ಮಕ್ಕಳು ಕಣ್ಣರಳಿಸಿ ನೋಡಿದರು. ಛಾಯಾಗ್ರಾಹಕರ ತಾಳ್ಮೆಯನ್ನು ನಾವೂ ಮೆಚ್ಚಿದೆವು.

ಆಮೇಲೆ ಬಂತು ಲೆಮ್ಮಿಂಗುಗಳ ಪ್ರಸಂಗ. ಲೆಮ್ಮಿಂಗ್ ಎಂದರೆ ಮೋಟುಬಾಲದ, ದುಂಡುಮೈಯ, ಇಲಿಯ ಬಳಗದ ಪ್ರಾಣಿ. ಚಿತ್ರದಲ್ಲಿ ಅವುಗಳ ಸಂಖ್ಯೆ ವಿಪರೀತ ಬೆಳೆಯುತ್ತದೆ. ಯಾವುದೋ ಹುಚ್ಚು ಹಿಡಿದಂತೆ ಅವು ಓಡತೊಡಗುತ್ತವೆ. ಕಡೆಗೆ ಕಡಿದಾದ ದಂಡೆಯಿಂದ ನೀರಿಗೆ ಹಾರುತ್ತವೆ. ಮುಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ, "ಮಾಮ, ಅವಕ್ಕೆ ಈಜ್ಲಿಕ್ಕೆ ಬರುವುದಿಲ್ಲವಾ?" ಎಂದು ಕೇಳಿದ. ಪಕ್ಕದ ಹಿರಿಯರು, "ಸಂಖ್ಯೆ ಹೆಚ್ಚಾದರೆ ಪ್ರಕೃತಿ ಹೀಗೇ ಲೆಕ್ಕ ಸರಿಮಾಡ್ತದೆ ಮಗಾ. ನಮ್ಮ ಈ ಊರಿಗೂ ಒಂದು ದಿನ ಇದೇ ಗತಿ" ಎಂದರು. ಈ ಲೇಖನ ಬರೆಯಬೇಕಾಗಿ ಬಂದುದು ಆ ಮಾತಿನಿಂದ.

ಮೊದಲು ಚಿತ್ರದ ಸಂಗತಿ. ಆ ದೃಶ್ಯ ಕೃತಕವೆಂಬುದನ್ನು ಕೆನಡಾದ ಸರಕಾರಿ ದೂರದರ್ಶನವಾದ ಸಿ.ಬಿ.ಸಿ. 1980ರ ದಶಕದ ಆರಂಭದಲ್ಲಿ ಬಯಲಿಗೆಳೆಯಿತು. ಚಿತ್ರೀಕರಣ ನಡೆದುದು ಆಲ್ಬರ್ಟಾ ಪ್ರಾಂತದಲ್ಲಿ. ಆ ಪ್ರಾಂತಕ್ಕೆ ಸಮುದ್ರವೇ ಇಲ್ಲ. ಚಿತ್ರ ತೆಗೆದ ಜಾಗದಲ್ಲಿ ಲೆಮ್ಮಿಂಗುಗಳೂ ಇಲ್ಲ. ಅವನ್ನು ದೂರದ ಮ್ಯಾನಿಟೋಬಾದಲ್ಲಿ ಇನುಯಿಟ್ ಮಕ್ಕಳಿಂದ ಕೊಂಡು ತರಲಾಯಿತು. ಹಿಮ ಹರಡಿದ ತಿರುಗುವ ಹಲಗೆಯ ಮೇಲೆ ಕೆಲವನ್ನೇ ಓಡಿಸಿ ದೊಡ್ಡ ಹಿಂಡಿನಂತೆ ತೋರಿಸಿದರು. ಬಳಿಕ ಅವನ್ನು ಅಟ್ಟಿ ನದಿಗೆ ಬೀಳಿಸಿದರು. ನಾವು ಕಂಡ ಸಮುದ್ರ ಒಂದು ನದಿ. ನಾವು ಕಂಡ ಆತ್ಮಹತ್ಯೆ ಒಂದು ಕೊಲೆ. ಸಾಕ್ಷ್ಯಚಿತ್ರವೆಂಬ ಹೆಸರಿಗೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ.

ಹಾಗಾದರೆ ನಿಜ ಯಾವುದು? ಲೆಮ್ಮಿಂಗುಗಳ ಸಂಖ್ಯೆ ಸುಮಾರು ಮೂರರಿಂದ ಐದು ವರ್ಷಗಳಿಗೊಮ್ಮೆ ಏರಿ ಕುಸಿಯುವುದು ನಿಜ. ಈ ಏರಿಳಿತವನ್ನು ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1924ರಲ್ಲೇ ವಿಜ್ಞಾನದ ಚರ್ಚೆಗೆ ತಂದರು. ಚಳಿಗಾಲದಲ್ಲೂ ಲೆಮ್ಮಿಂಗ್ ನಿದ್ದೆಹೋಗುವುದಿಲ್ಲ. ಹಿಮದ ಹಾಸಿನಡಿಯ ಬೆಚ್ಚನೆಯ ಸಂದಿಗಳಲ್ಲಿ ಹುಲ್ಲು, ಪಾಚಿ ತಿಂದು ಅಲ್ಲಿಯೇ ಮರಿಹಾಕುತ್ತದೆ. ಸುಮಾರು ಮೂರು ವಾರಕ್ಕೆ ಒಂದು ಸೂಲು. ಹುಟ್ಟಿದ ಮರಿಯೂ ಕೆಲವೇ ವಾರಗಳಲ್ಲಿ ತಾಯಿ. ಬಡ್ಡಿಗೆ ಬಡ್ಡಿ ಸೇರಿದ ಹಾಗೆ ಸಂಖ್ಯೆ ಏರುತ್ತದೆ.

ಇಳಿಸುವವರಾರು? ಗ್ರೀನ್‌ಲ್ಯಾಂಡಿನ ಈಶಾನ್ಯದಲ್ಲಿ ವರ್ಷಗಟ್ಟಲೆ ಎಣಿಕೆಮಾಡಿದ ಗಿಲ್ಗ್, ಹಾನ್ಸ್ಕಿ ಮತ್ತು ಸಿಟ್ಲರ್ 2003ರಲ್ಲಿ ಉತ್ತರ ಕೊಟ್ಟರು. ಹಿಮಗೂಬೆ, ಧ್ರುವನರಿ, ಸ್ಕುವಾ ಎಂಬ ಕಡಲಹಕ್ಕಿ ಈ ಮೂರೂ ಲೆಮ್ಮಿಂಗ್ ಹೆಚ್ಚಿದಲ್ಲಿ ಬಂದು ಹೊಟ್ಟೆತುಂಬ ತಿಂದು ಏರಿಕೆಗೆ ಕಡಿವಾಣ ಹಾಕುತ್ತವೆ. ನಾಲ್ಕನೆಯದು ಸ್ಟೋಟ್; ಮುಂಗುಸಿಯಂತೆ ತೆಳ್ಳನೆಯ ಮೈ, ಬಿಲದೊಳಕ್ಕೂ ನುಗ್ಗಬಲ್ಲದು. ಅಲ್ಲಿ ಅದರ ಬದುಕು ಲೆಮ್ಮಿಂಗನ್ನೇ ನಂಬಿದೆ. ಆದರೆ ಅದರ ಸಂತತಿ ಹೆಚ್ಚುವುದು ತುಸು ತಡವಾಗಿ. ಸ್ಟೋಟ್ ಹೆಚ್ಚುವ ಹೊತ್ತಿಗೆ ಲೆಮ್ಮಿಂಗ್ ಇಳಿಮುಖವಾಗಿರುತ್ತದೆ. ಉಳಿದವನ್ನೂ ಅದು ಮುಗಿಸುತ್ತ ಬರುತ್ತದೆ. ಬಳಿಕ ತಾನೇ ಉಪವಾಸ ಬಿದ್ದು ಕ್ಷೀಣಿಸುತ್ತದೆ; ಲೆಮ್ಮಿಂಗ್ ಮತ್ತೆ ಚಿಗುರುತ್ತದೆ. ಎಲ್ಲ ಕಡೆಯೂ ಕಾರಣ ಇದೊಂದೇ ಅಲ್ಲ. ದಕ್ಷಿಣ ನಾರ್ವೆಯ ಬೆಟ್ಟಗಳಲ್ಲಿ 1994ರ ಅನಂತರ ಆ ನಿಯತವಾದ ಏರಿಕೆ ನಿಂತುಹೋದುದಕ್ಕೆ ಚಳಿಗಾಲ ಬಿಸಿಯಾಗಿ ಹಿಮದ ಗುಣ ಕೆಟ್ಟುದು ಕಾರಣವೆಂದು 2008ರ ಒಂದು ಅಧ್ಯಯನ ತೋರಿಸಿತು. ಮೇವು, ಹಿಮ, ಬೇಟೆಗಾರ ಇವು ಕೂಡಿ ಹಾಕುವ ಮಿತಿಯಿದು. ಇದರಲ್ಲಿ ಹುಚ್ಚೂ ಇಲ್ಲ, ಆತ್ಮಾಹುತಿಯೂ ಇಲ್ಲ.

ತುಸು ಯೋಚಿಸಿದರೂ ಸಾಕು. ಗುಂಪಿಗಾಗಿ ಸಾಯುವ ಸ್ವಭಾವದ ಪ್ರಾಣಿಗಳಿದ್ದರೆ ಅವು ಸತ್ತುಹೋಗುತ್ತವೆ. ಸಾಯದೆ ಹಿಂದುಳಿದವುಗಳ ಮರಿಗಳೇ ಲೋಕ ತುಂಬುತ್ತವೆ. ಆ ಸ್ವಭಾವ ಉಳಿದು ಬರುವುದಾದರೂ ಹೇಗೆ?

ಇನ್ನು ಆ ಓಟ. ದಟ್ಟಣೆ ಹೆಚ್ಚಿದಾಗ ನಾರ್ವೆಯ ಲೆಮ್ಮಿಂಗುಗಳು ಗುಂಪುಗುಂಪಾಗಿ ಹೊಸ ಜಾಗ ಹುಡುಕಿ ಹೊರಡುವುದುಂಟು. ದಾರಿಯಲ್ಲಿ ಹೊಳೆ ಸಿಕ್ಕರೆ ಈಜುತ್ತವೆ. ಕೆಲವು ದಡ ಸೇರುತ್ತವೆ, ಕೆಲವು ಮುಳುಗುತ್ತವೆ. ಅವು ಹೊರಟುದು ಬದುಕಲಿಕ್ಕೆ. ವಲಸೆಯನ್ನು ಆತ್ಮಹತ್ಯೆಯೆಂದು ತೋರಿಸಿದುದೇ ಈ ಚಿತ್ರದ ದೊಡ್ಡ ತಪ್ಪೆಂದು ನಾವು ಭಾವಿಸುತ್ತೇವೆ.

ಈ ತಪ್ಪು ನಮಗೇಕೆ ನಾಟಬೇಕು? ಮಂಗಳೂರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಬಂದ ಹಿರಿಯರ ಮಕ್ಕಳು ನಾವು. ಊರಿನ ಗದ್ದೆ ಅಣ್ಣತಮ್ಮಂದಿರಿಗೆ ಸಾಲದಾದಾಗ ಅವರು ಹೊರಟರು. ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ದಡ ಸೇರಿದರು. ಸೇರದವರೂ ಇದ್ದರು. ಇಂದು ಲೋಕಲ್ ರೈಲಿನಲ್ಲಿ ನೂಕುನುಗ್ಗಲಾದೊಡನೆ ನಿನ್ನೆ ಬಂದವರತ್ತ ಬೆರಳು ತೋರಿಸಿ "ಜನ ಹೆಚ್ಚಾದರು" ಎನ್ನುವ ಮಾತು ನಮ್ಮ ಬಾಯಲ್ಲೂ ಬರುತ್ತದೆ. ಒಂದು ಕಾಲಕ್ಕೆ ಆ ಹೆಚ್ಚಾದವರು ನಾವೇ ಆಗಿದ್ದೆವು. ಮನುಷ್ಯರ ಸಂಖ್ಯೆಯನ್ನು ಹಿಡಿತಕ್ಕೆ ತರಲು ಸ್ಟೋಟೂ ಬೇಡ, ಕಡಿದಾದ ದಂಡೆಯೂ ಬೇಡ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 1992-93ರಲ್ಲಿ ನಮ್ಮ ದೇಶದ ಹೆಣ್ಣಿಗೆ ಸರಾಸರಿ 3.4 ಮಕ್ಕಳು, 2019-21ರಲ್ಲಿ 2.0. ಹೆಣ್ಣುಮಕ್ಕಳ ಓದು, ಉಳಿದು ಬೆಳೆಯುವ ಕೂಸುಗಳು, ತಾಯಿಯ ಸ್ವಂತ ತೀರ್ಮಾನ ಇವು ಮಾಡಿದ ಕೆಲಸವಿದು.

ಚಿತ್ರವನ್ನು ತೋರಿಸಲೇಬಾರದೆಂದು ನಾವು ಹೇಳುವುದಿಲ್ಲ. ಬಿಳಿಕರಡಿಯನ್ನು ಮಕ್ಕಳು ನೋಡಲಿ. ಲೆಮ್ಮಿಂಗುಗಳು ಬಂದಾಗ ಮಾತ್ರ ಯಂತ್ರ ನಿಲ್ಲಿಸಿ, ದೀಪ ಹಾಕಿ, ನಡೆದುದನ್ನು ನಡೆದ ಹಾಗೆ ಹೇಳಲಿ. ಆ ಹುಡುಗನ ಪ್ರಶ್ನೆಗೆ ಅಂದು ಯಾರೂ ಉತ್ತರ ಕೊಡಲಿಲ್ಲ. ಈಗ ಹೇಳುತ್ತೇವೆ: ಅವಕ್ಕೆ ಈಜಲು ಬರುತ್ತದೆ, ಮಗು.